ಗರ್ಭಿಣಿಯ ಸಕ್ಕರೆ ಕಾಯಿಲೆಗೆ ಪಥ್ಯ: ರಾಗಿ ಕುಡಿದರೂ ಸಕ್ಕರೆ ಏರುವುದೇಕೆ?

ತುಮಕೂರಿನ ಸೊಸೆ

ಎಲ್ಲರಿಗೂ ನಮಸ್ಕಾರ. ನನಗೀಗ 26ನೇ ವಾರ. ಕಳೆದ ತಪಾಸಣೆಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆದಾಗ 158 ಬಂದಿತು. 140 ಮುಟ್ಟಿದರೆ ಗರ್ಭಾವಸ್ಥೆಯ ಮಧುಮೇಹವೆಂದು ಲೆಕ್ಕವಂತೆ. ಎರಡು ವಾರ ಪಥ್ಯ ಮಾಡಬೇಕೆಂದೂ, ಆಮೇಲೂ ಊಟದ ಎರಡು ಗಂಟೆಯ ಸಕ್ಕರೆ 120ರ ಕೆಳಗೆ ಬಾರದಿದ್ದರೆ ಔಷಧಿ ಆರಂಭಿಸುವುದಾಗಿಯೂ ವೈದ್ಯರು ಹೇಳಿದ್ದಾರೆ. ಅವರು ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಸಲಾಡ್ ಎಂದೆಲ್ಲ ಬರೆದಿದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಇಡ್ಲಿ, ಚಿತ್ರಾನ್ನ ಅಥವಾ ಅಕ್ಕಿರೊಟ್ಟಿ. ಉಳಿದೆರಡು ಹೊತ್ತು ಮುದ್ದೆ ಮತ್ತು ಅನ್ನ.

ನಮ್ಮ ಅತ್ತೆಯವರು ಒಳ್ಳೆಯ ಮನಸ್ಸಿನಿಂದಲೇ ಅನ್ನವನ್ನು ಪೂರ್ತಿ ನಿಲ್ಲಿಸಿ, ಬೆಳಿಗ್ಗೆ ಒಂದು ದೊಡ್ಡ ಲೋಟ ರಾಗಿ ಮಾಲ್ಟ್‌ಗೆ ಬೆಲ್ಲ ಹಾಕಿ ಕೊಡುತ್ತಿದ್ದಾರೆ. ಮೊಳಕೆ ಕಟ್ಟಿ, ಹುರಿದು, ಬೀಸಿದ ಹಿಟ್ಟು ಅದು. ಅದನ್ನು ಕುಡಿದ ದಿನ ಎರಡು ಗಂಟೆಯ ಬಳಿಕ ಮೀಟರ್ 171 ತೋರಿಸಿತು. ಮೂರು ಇಡ್ಲಿ, ಕಾಯಿಚಟ್ನಿ ತಿಂದ ದಿನ 146 ಇತ್ತು. ರಾತ್ರಿ ಮುದ್ದೆ, ಸೊಪ್ಪಿನ ಸಾರು ಉಂಡರೆ 128ರ ಆಸುಪಾಸು. ಬರಿ ಹೊಟ್ಟೆಯಲ್ಲಿ ಮಾತ್ರ 90ರೊಳಗೇ ಇದೆ. ರಾಗಿ ಒಳ್ಳೆಯದೆನ್ನುವುದಾದರೆ ಹೀಗೇಕೆ ಆಗುತ್ತಿದೆ? ಬೆಳಗಿನ ತಿಂಡಿಗೆ ಏನು ಮಾಡಿಕೊಳ್ಳಲಿ? ಮುಂದಿನ ತಿಂಗಳು ಸೀಮಂತವೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ವಿಜಯಪುರದ ಅವ್ವ

ಜೋಳದ ರೊಟ್ಟಿ ತಿನ್ನು ತಂಗಿ. ಜೊತೆಗೆ ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಮಜ್ಜಿಗೆ. ಇದಕ್ಕಿಂತ ಬೇರೆ ಪಥ್ಯ ಇಲ್ಲ.

ಪಥ್ಯದ ಕೋಣೆ

ಆಹಾರ ಸಲಹೆಗಾರ್ತಿಯಾಗಿ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ರಾಗಿ ಮೊಳಕೆಯೊಡೆಯುವಾಗ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಒಡೆದು ಮಾಲ್ಟೋಸ್‌ನಂತಹ ಸಣ್ಣ ಸಕ್ಕರೆಗಳಾಗಿ ಮಾಡುತ್ತವೆ. ಮಾಲ್ಟಿಗೆ ತಾನಾಗಿಯೇ ಸಿಹಿ ಬರುವುದು ಇದರಿಂದಲೇ. ಹಲ್ಲಿಲ್ಲದ ಮಗುವಿಗೆ ಅದು ಸುಲಭವಾಗಿ ಜೀರ್ಣವಾಗುವ ಆಹಾರ. ನಿಮಗೆ ತೊಂದರೆ ಕೊಡುತ್ತಿರುವುದೂ ಅದೇ ಗುಣ. ಅದರ ಮೇಲೆ ನಯವಾದ ಹಿಟ್ಟು, ಅದನ್ನು ನೀರಾಗಿ ಕುದಿಸಿ, ಅಗಿಯುವ ಕೆಲಸವೂ ಇಲ್ಲದಂತೆ, ಖಾಲಿ ಹೊಟ್ಟೆಗೆ ಒಂದೇ ಗುಕ್ಕಿನಲ್ಲಿ ಕುಡಿದರೆ ಅದು ರಕ್ತಕ್ಕೆ ಸೇರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಬೆಲ್ಲದ ವಿಷಯದಲ್ಲಿ ಅತ್ತೆಯವರಿಗೆ ನಿಧಾನವಾಗಿ ತಿಳಿಸಿ ಹೇಳಿ. ಅದರಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜವಾದರೂ ಬಹುಪಾಲು ಸುಕ್ರೋಸ್. ನಿಮ್ಮ ಮೀಟರಿಗೆ ಬೆಲ್ಲಕ್ಕೂ ಸಕ್ಕರೆಗೂ ವ್ಯತ್ಯಾಸ ಕಾಣುವುದಿಲ್ಲ. ಜೇನುತುಪ್ಪಕ್ಕೂ ಇದೇ ಮಾತು.

ಮಾಲ್ಟ್ ನಿಲ್ಲಿಸಿ, ಮುದ್ದೆ ಉಳಿಸಿಕೊಳ್ಳಿ. ಅನ್ನವನ್ನು ಪೂರ್ತಿ ಬಿಡುವ ಅಗತ್ಯವಿಲ್ಲ.

ಲೆಕ್ಕದ ಮೇಷ್ಟ್ರು

ಮೇಡಂ ಹೇಳಿದ್ದಕ್ಕೆ ಅಂಕಿಗಳನ್ನು ಸೇರಿಸುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ, 11 ಗ್ರಾಂ ನಾರು ಇವೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 78 ಗ್ರಾಂ ಶರ್ಕರಪಿಷ್ಟ, ಸುಮಾರು 3 ಗ್ರಾಂ ನಾರು. ಜೋಳವು ರಾಗಿಗೆ ಹತ್ತಿರವಾಗಿಯೇ ಇದೆ, ಆದ್ದರಿಂದ ವಿಜಯಪುರದ ಅವ್ವನವರ ಮಾತು ತಪ್ಪಲ್ಲ. ಆದರೆ ಗಮನಿಸಿ: ರಾಗಿಯ ಸುಣ್ಣದಂಶ, ನಾರು ಎಷ್ಟೇ ಹೆಚ್ಚಿರಲಿ, ಅದರ ತೂಕದಲ್ಲಿ ಮೂರನೇ ಎರಡು ಪಾಲು ಪಿಷ್ಟವೇ. ನಮ್ಮ ಕಡೆ ಒಂದು ಮುದ್ದೆಗೆ 100 ಗ್ರಾಂಗಿಂತ ಹೆಚ್ಚು ಹಿಟ್ಟು ಬೀಳುವುದುಂಟು. ಅಂತಹ ಒಂದು ಮುದ್ದೆಯ ಮೇಲೆ ಒಂದು ಸೌಟು ಅನ್ನ ಬಡಿಸಿಕೊಂಡು, ಅನ್ನ ಕಡಿಮೆ ಮಾಡಿದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಒಂದು ವಾರ ಮುದ್ದೆಯ ಹಿಟ್ಟನ್ನು ತೂಗಿ ಹಾಕಿಸಿ. 50 ಗ್ರಾಂ ಹಿಟ್ಟಿನ ಮುದ್ದೆಯೊಂದಿಗೆ ಪ್ರಾರಂಭಿಸಿ, ಮೀಟರ್ ಏನು ಹೇಳುತ್ತದೆಂದು ನೋಡಿ.

ಮಂಡ್ಯದ ಗಂಡು

50 ಗ್ರಾಂ ಹಿಟ್ಟಿನ ಮುದ್ದೆಯೆಂದರೆ ನಿಂಬೆಹಣ್ಣಿನಷ್ಟಿರುತ್ತದೆ ಮೇಷ್ಟ್ರೇ! ನಮ್ಮ ಅಜ್ಜಿ ಹೊತ್ತಿಗೆ ಎರಡು ಮುದ್ದೆ ಉಂಡು ಎಂಟು ಮಕ್ಕಳನ್ನು ಹೆತ್ತರು. ಆಗ ಯಾರಿಗೂ ಈ ಕಾಯಿಲೆ ಇರಲಿಲ್ಲ. ಈಗಿನವರು ಪರೀಕ್ಷೆ ಮಾಡಿಸಿ ಮಾಡಿಸಿಯೇ ರೋಗ ತಂದುಕೊಳ್ಳುತ್ತಿದ್ದಾರೆಂದು ನನಗೆ ಅನಿಸುತ್ತದೆ.

ಎರಡನೇ ಬಸುರಿ

ಅಣ್ಣಾ, ನಿಮ್ಮ ಅಜ್ಜಿಯ ರಕ್ತವನ್ನು ಯಾರಾದರೂ ಪರೀಕ್ಷಿಸಿದ್ದರೆ? ತಿಂದ ಎರಡು ಮುದ್ದೆಯನ್ನು ಅವರು ಹೊಲದಲ್ಲಿ ಕಳೆ ಕಿತ್ತು, ನೀರು ಹೊತ್ತು ಕರಗಿಸುತ್ತಿದ್ದರು. ನಾವು ಉಂಡ ಮೇಲೆ ಕುರ್ಚಿಯಲ್ಲಿ ಕೂರುತ್ತೇವೆ.

ಮೈಸೂರಿನ ಓದುಗ

ಇದು ಈಚಿನ ಫ್ಯಾಷನ್ ಎನ್ನುವವರಿಗೆ ನಮ್ಮ ಊರಿನದೇ ಉದಾಹರಣೆ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಜಾಗದಲ್ಲಿ, 1997–98ರಲ್ಲೇ ಗರ್ಭಿಣಿಯರನ್ನು ಪರೀಕ್ಷಿಸಿ ಅಧ್ಯಯನ ಆರಂಭಿಸಿದ್ದರು. ಆಗಿನ ಮಾನದಂಡದಲ್ಲಿ 6.2 ಶೇಕಡ ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡುಬಂದಿತ್ತು. ಐದು ವರ್ಷಗಳ ನಂತರ ಅದೇ ತಾಯಂದಿರನ್ನು ಮತ್ತೆ ಪರೀಕ್ಷಿಸಿದಾಗ, ಬಸುರಿಯಲ್ಲಿ ಸಕ್ಕರೆ ಏರಿದ್ದವರಲ್ಲಿ 37 ಶೇಕಡ ಮಂದಿ ಮಧುಮೇಹಿಗಳಾಗಿದ್ದರು. ಏರದಿದ್ದವರಲ್ಲಿ ಆ ಪ್ರಮಾಣ 2 ಶೇಕಡ ಮಾತ್ರ. ಹೀಗಾಗಿ ಹೆರಿಗೆಯೊಂದಿಗೆ ಎಲ್ಲವೂ ಮುಗಿಯಿತೆಂದು ಯಾರೂ ಭಾವಿಸಬಾರದು. ಸಸ್ಯಾಹಾರಿ ಮನೆಗಳವರು ಬಿ12 ಜೀವಸತ್ವವನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಅದರ ಕೊರತೆಗೂ ಈ ತೊಂದರೆಗೂ ಸಂಬಂಧವಿರಬಹುದೆಂದು ಅದೇ ಅಧ್ಯಯನದಿಂದ ಬಂದ ಲೇಖನವೊಂದರಲ್ಲಿ ಓದಿದ್ದೇನೆ.

ಮಂಡ್ಯದ ಗಂಡು

ಆ ಅಂಕಿ ನನಗೆ ಗೊತ್ತಿರಲಿಲ್ಲ. ಆದರೂ ಮುದ್ದೆಯ ಗಾತ್ರದ ಬಗ್ಗೆ ನನ್ನ ತಕರಾರು ಇದ್ದೇ ಇದೆ.

ಎರಡನೇ ಬಸುರಿ

ತುಮಕೂರಿನ ಅಕ್ಕನ ಬೆಳಗಿನ ತಿಂಡಿಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನನ್ನ ಮೊದಲ ಬಸುರಿಯಲ್ಲಿ ಅತಿ ಹೆಚ್ಚು ಕಾಡಿದ್ದು ಅದೇ. ಮಾಸು ಸ್ರವಿಸುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆಂದೂ, ಬೆಳಗಿನ ಜಾವ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಿರುವುದರಿಂದ ಆ ಅಡ್ಡಿ ತಿಂಡಿಯ ಹೊತ್ತಿಗೇ ಜಾಸ್ತಿಯಿರುತ್ತದೆಂದೂ ನನ್ನ ವೈದ್ಯರು ವಿವರಿಸಿದ್ದರು. ಮೂರು ಇಡ್ಲಿ ಬೆಳಿಗ್ಗೆ ತಿಂದರೆ 150 ಮುಟ್ಟುತ್ತಿದ್ದ ನನ್ನ ಸಕ್ಕರೆ, ಅವೇ ಇಡ್ಲಿಗಳನ್ನು ಸಂಜೆ ತಿಂದರೆ 120ರೊಳಗೆ ಉಳಿಯುತ್ತಿತ್ತು. ಹೀಗಾಗಿ ಬೆಳಿಗ್ಗೆ ಅಕ್ಕಿಯನ್ನು ಹಿಂದಿಟ್ಟು ಕಾಳುಗಳನ್ನು ಮುಂದೆ ತಂದೆ. ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಅದಕ್ಕೆ ಈರುಳ್ಳಿ, ಶುಂಠಿ, ಸಬ್ಬಸಿಗೆ ಸೊಪ್ಪು. ಅಥವಾ ಕಡಲೆಕಾಳು ಉಸಲಿಯೊಂದಿಗೆ ಒಂದೇ ಇಡ್ಲಿ. ಅಥವಾ ಎರಡು ಮೊಟ್ಟೆ ಮತ್ತು ಒಂದು ಸಣ್ಣ ರಾಗಿರೊಟ್ಟಿ. ಇನ್ನೊಂದು ಇಡ್ಲಿಯನ್ನು ಹನ್ನೊಂದು ಗಂಟೆಗೆ ತಿನ್ನುತ್ತಿದ್ದೆ. ಒಟ್ಟು ಆಹಾರ ಅಷ್ಟೇ ಇತ್ತು, ಬೇರೆ ಬೇರೆ ಹೊತ್ತಿಗೆ ಹಂಚಿಹೋಗಿತ್ತು.

ಅವಲಕ್ಕಿ ಹಗುರವೆಂದು ನಂಬಿ ಒಂದು ತಟ್ಟೆ ತಿನ್ನಬೇಡಿ. ನನ್ನ ಮೀಟರಿನಲ್ಲಿ ಅದು ಇಡ್ಲಿಗಿಂತ ಕೆಟ್ಟದಾಗಿತ್ತು.

ಕಡಲ ತಡಿಯವಳು

ನಮ್ಮ ಉಡುಪಿಯ ಕಡೆಯ ಅನುಭವ: ಕುಚ್ಚಲಕ್ಕಿ ಗಂಜಿಯನ್ನು ತಿಳಿ ಸಮೇತ ಕುಡಿದರೆ ಏರುತ್ತಿತ್ತು. ಅದೇ ಅನ್ನವನ್ನು ಬಸಿದು, ಅಳೆದು, ಬಂಗುಡೆ ಸಾರು ಹಾಗೂ ಬಸಳೆಯೊಂದಿಗೆ ಉಂಡರೆ ಪರವಾಗಿರಲಿಲ್ಲ. ನೀರುದೋಸೆಯನ್ನು ಹೆರಿಗೆಯವರೆಗೆ ಮರೆಯಬೇಕಾಯಿತು. ಇನ್ನೊಂದು ಉಪಾಯವನ್ನೂ ಹೇಳುತ್ತೇನೆ, ಮೊದಲು ಪಲ್ಯ ಮತ್ತು ಮೀನು ತಿಂದು, ಅನ್ನವನ್ನು ಕೊನೆಗೆ ತಿನ್ನಿ. ಅನ್ನ ಅಷ್ಟೇ ಇದ್ದರೂ ಏರಿಕೆ ಕಡಿಮೆಯಾಗಿರುವುದನ್ನು ನೀವೇ ನೋಡುತ್ತೀರಿ.

ಸಿರಿಧಾನ್ಯ ಪ್ರೇಮಿ

ಇಷ್ಟೆಲ್ಲ ತಲೆಬಿಸಿ ಏಕೆ? ಅಕ್ಕಿ, ಗೋಧಿ, ಹಾಲು, ಹಣ್ಣು ಎಲ್ಲವನ್ನೂ ನಿಲ್ಲಿಸಿ ಸಾಮೆ, ನವಣೆ, ಹಾರಕಗಳನ್ನು ಮಾತ್ರ ತಿನ್ನಿ. ರಾತ್ರಿ ಊಟ ಬಿಡಿ. ಬೆಳಿಗ್ಗೆ ಹಾಗಲಕಾಯಿ ರಸ ಕುಡಿಯಿರಿ. ನಮ್ಮ ಚಿಕ್ಕಪ್ಪನ ಸಕ್ಕರೆ ಹೀಗೆಯೇ ಇಳಿದು, ಅವರು ಮಾತ್ರೆಯನ್ನೇ ಬಿಟ್ಟರು.

ಪಥ್ಯದ ಕೋಣೆ

ಕ್ಷಮಿಸಿ, ಇದನ್ನು ಹಾಗೆಯೇ ಬಿಡಲಾರೆ. ನಿಮ್ಮ ಚಿಕ್ಕಪ್ಪ ಬಸುರಿಯಲ್ಲ. ಗರ್ಭಿಣಿಯು ದಿನಕ್ಕೆ ಕನಿಷ್ಠ 175 ಗ್ರಾಂ ಶರ್ಕರಪಿಷ್ಟವನ್ನಾದರೂ ತಿನ್ನಬೇಕು, ಮತ್ತು ನಾಲ್ಕನೇ ತಿಂಗಳಿನಿಂದಾಚೆಗೆ ಮೊದಲಿಗಿಂತ ಸುಮಾರು 350 ಕ್ಯಾಲೊರಿ ಹೆಚ್ಚಿಗೆ ಬೇಕು. ಹೊಟ್ಟೆಗೆ ಹಾಕದಿದ್ದರೆ ಮೀಟರಿನ ಅಂಕಿ ಚೆನ್ನಾಗಿ ಕಾಣಬಹುದು, ಆದರೆ ದೇಹವು ಕೊಬ್ಬನ್ನು ಕರಗಿಸತೊಡಗಿ ರಕ್ತದಲ್ಲಿ ಕೀಟೋನುಗಳೆಂಬ ಆಮ್ಲೀಯ ವಸ್ತುಗಳು ಹೆಚ್ಚುತ್ತವೆ, ತಾಯಿಯ ತೂಕ ಇಳಿಯುತ್ತದೆ, ಮಗುವಿನ ಬೆಳವಣಿಗೆ ಕುಂಠಿತವಾಗುವ ಅಪಾಯವಿದೆ. ರಾತ್ರಿ ಊಟ ಬಿಟ್ಟರೆ ಕೆಲವರಿಗೆ ಬೆಳಗಿನ ಸಕ್ಕರೆ ಇಳಿಯುವ ಬದಲು ಏರುತ್ತದೆ. ಮಲಗುವ ಮುನ್ನ ಒಂದು ಲೋಟ ಸಕ್ಕರೆಯಿಲ್ಲದ ಹಾಲು, ನಾಲ್ಕು ಬಾದಾಮಿ ಅಥವಾ ಒಂದು ಹಿಡಿ ಹುರಿಗಡಲೆ ತಿನ್ನಲು ನಾನು ಹೇಳುವುದು ಇದಕ್ಕಾಗಿ. ಹಾಗಲಕಾಯಿ ಪಲ್ಯ ತಿನ್ನಲು ಅಡ್ಡಿಯಿಲ್ಲ. ಅದರ ರಸವನ್ನೂ, ಚಮಚಗಟ್ಟಲೆ ಮೆಂತ್ಯದ ಪುಡಿಯನ್ನೂ ಔಷಧಿಯಂತೆ ತೆಗೆದುಕೊಳ್ಳುವುದು ಬಸುರಿಯಲ್ಲಿ ಬೇಡ. ಸಾಮೆ, ನವಣೆಗಳು ಒಳ್ಳೆಯ ಧಾನ್ಯಗಳೇ, ಆದರೆ ಅವೂ ಪಿಷ್ಟವೇ, ಅವನ್ನೂ ಅಳೆದೇ ಉಣ್ಣಬೇಕು.

ಸಿರಿಧಾನ್ಯ ಪ್ರೇಮಿ

ಎಲ್ಲವನ್ನೂ ವೈದ್ಯರ ಕಣ್ಣಿನಿಂದಲೇ ನೋಡಿದರೆ ಹೀಗೆಯೇ. ನಮ್ಮ ಹಿರಿಯರ ಜ್ಞಾನಕ್ಕೆ ಬೆಲೆಯೇ ಇಲ್ಲವೇ?

ಕಡಲ ತಡಿಯವಳು

ಬಸುರಿ ಹೆಂಗಸಿಗೆ ರಾತ್ರಿ ಊಟ ಬಿಡಿಸಿದ ಹಿರಿಯರನ್ನು ನಾನಂತೂ ಕಂಡಿಲ್ಲ.

ಲೆಸ್ಟರ್ ಕನ್ನಡತಿ

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಅಂಕಿಗಳನ್ನು ಬೇರೆ ಮಾನದಲ್ಲಿ ಹೇಳುತ್ತಾರೆ. 18ರಿಂದ ಗುಣಿಸಿದರೆ ನಿಮ್ಮ ಲೆಕ್ಕಕ್ಕೆ ಬರುತ್ತದೆ. ನನಗೆ ಕೊಟ್ಟ ಗುರಿ ಬರಿ ಹೊಟ್ಟೆಯಲ್ಲಿ 5.3, ಅಂದರೆ ಸುಮಾರು 95. ಊಟವಾಗಿ ಒಂದು ಗಂಟೆಗೆ 7.8, ಅಂದರೆ 140. ಎರಡು ಗಂಟೆಗೆ 120 ಎನ್ನುವುದು ಬೇರೆ ಅಳತೆ. ಮನೆಯವರು ಕೆಲವರು ಒಂದು ಗಂಟೆಗೆ ಚುಚ್ಚಿ ನೋಡಿ, ಅದನ್ನು 120ರೊಂದಿಗೆ ಹೋಲಿಸಿ ಗಾಬರಿಪಡುತ್ತಾರೆ. ಊಟದ ಮೊದಲ ತುತ್ತಿನಿಂದ ಹೊತ್ತು ಎಣಿಸಬೇಕೆಂದು ನಮ್ಮ ನರ್ಸ್ ಹೇಳಿದ್ದರು. ತುಮಕೂರಿನವರೇ, ನೀವು ಎಲ್ಲಿಂದ ಎಣಿಸುತ್ತಿದ್ದೀರಿ? ಅಂದಹಾಗೆ, ಇಲ್ಲಿನ ಪಥ್ಯದ ಹಾಳೆಯಲ್ಲಿಯೂ ಮುದ್ದೆ ಇರಲಿಲ್ಲ, ಅದು ನ್ಯಾಯವೇ. ತುಮಕೂರಿನಲ್ಲಿ ಕೊಡುವ ಹಾಳೆಯಲ್ಲಿ ಇಲ್ಲದಿರುವುದಕ್ಕೆ ಏನು ನೆಪ?

ತುಮಕೂರಿನ ಸೊಸೆ

ನಾನು ಕೈ ತೊಳೆದ ಮೇಲಿನಿಂದ ಎಣಿಸುತ್ತಿದ್ದೆ. ಇನ್ನು ಮೊದಲ ತುತ್ತಿನಿಂದ ಎಣಿಸುತ್ತೇನೆ.

ಪಾಳಿಯ ಗಂಡ

ಕೈ ತೊಳೆಯುವ ಮಾತು ಬಂದಿದ್ದರಿಂದ ಹೇಳುತ್ತೇನೆ. ಮಾವಿನಹಣ್ಣು ಹೆಚ್ಚಿಕೊಟ್ಟ ಕೈಯಲ್ಲೇ ನನ್ನ ಹೆಂಡತಿ ಬೆರಳು ಚುಚ್ಚಿಕೊಂಡಾಗ 190 ಬಂದಿತ್ತು. ಸೋಪಿನಲ್ಲಿ ತೊಳೆದು, ಒರೆಸಿ ಮತ್ತೆ ನೋಡಿದರೆ 117. ಮನೆಯ ಮೀಟರುಗಳಿಗೆ ಶೇಕಡ 15ರವರೆಗೆ ಹೆಚ್ಚುಕಡಿಮೆ ತೋರಿಸಲು ಮಾನಕಗಳೇ ಅವಕಾಶ ಕೊಟ್ಟಿರುವುದರಿಂದ, 118ಕ್ಕೆ ಹಿಗ್ಗಿ 124ಕ್ಕೆ ಕುಗ್ಗುವುದರಲ್ಲಿ ಅರ್ಥವಿಲ್ಲ. ವಾರದ ಅಂಕಿಗಳನ್ನು ಸಾಲಾಗಿ ಬರೆದು ವೈದ್ಯರಿಗೆ ತೋರಿಸಿ.

ಗಂಡಸರಿಗೆ ಒಂದು ಮಾತು. ಮನೆಯವರೆಲ್ಲರ ಮುಂದೆ ಒಬ್ಬಳಿಗೆ ಮಾತ್ರ ಬೇರೆ ತಟ್ಟೆ ಇಟ್ಟರೆ ಅದು ಶಿಕ್ಷೆಯಂತಾಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಹುರುಳಿಸಾರು, ಎಲ್ಲರಿಗೂ ಪಲ್ಯ ಹೆಚ್ಚು, ಅನ್ನ ಕಡಿಮೆ ಎಂದಾಯಿತು. ಊಟವಾದ ಮೇಲೆ ಇಬ್ಬರೂ ಹದಿನೈದು ನಿಮಿಷ ಬೀದಿಯಲ್ಲಿ ನಡೆಯುತ್ತಿದ್ದೆವು. ನಡೆದ ರಾತ್ರಿಗಳ ಅಂಕಿ ನಡೆಯದ ರಾತ್ರಿಗಳಿಗಿಂತ ಸ್ಪಷ್ಟವಾಗಿ ಕಡಿಮೆಯಿರುತ್ತಿತ್ತು.

ಅಂಗನವಾಡಿ ಟೀಚರ್

ಇಲ್ಲಿ ಬಾದಾಮಿ, ಮೀಟರ್ ಎಂದೆಲ್ಲ ಬರೆಯುತ್ತಿರುವವರು ನಮ್ಮ ಕೇಂದ್ರಕ್ಕೆ ಬರುವ ತಾಯಂದಿರನ್ನೂ ಸ್ವಲ್ಪ ಯೋಚಿಸಬೇಕು. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಎಂದು ಗೊತ್ತುಮಾಡಲಾಗಿದೆ. ರಕ್ತಹೀನತೆಯಿಂದ ಬಳಲುವ ಬಡ ಬಸುರಿಗೆ ಅದು ಒಳ್ಳೆಯ ಊಟ. ಆದರೆ ತಾಯಿ ಕಾರ್ಡಿನಲ್ಲಿ ಸಕ್ಕರೆ ಹೆಚ್ಚೆಂದು ಬರೆಸಿಕೊಂಡು ಬಂದವರಿಗೆ ಏನು ಬಡಿಸಬೇಕೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ನನ್ನ ಮಟ್ಟಿಗೆ ನಾನು ಅನ್ನ ಒಂದು ಸೌಟು ಕಡಿಮೆ ಬಡಿಸಿ, ಬೇಳೆಯನ್ನು ಗಟ್ಟಿಯಾಗಿ ಹಾಕಿ, ಮೊಟ್ಟೆಯನ್ನು ಅಲ್ಲಿಯೇ ತಿನ್ನಿಸಿ, ಚಿಕ್ಕಿಯ ಬದಲು ಮನೆಯಲ್ಲಿ ಹುರಿದ ಶೇಂಗಾ ತಿನ್ನಲು ಹೇಳುತ್ತೇನೆ. ಇವರಲ್ಲಿ ಹೆಚ್ಚಿನವರ ಮನೆಯಲ್ಲಿ ಮೀಟರ್ ಇಲ್ಲ. ಇದ್ದರೂ ಅದರ ಪಟ್ಟಿಗಳ ಬೆಲೆ ಕೂಲಿಯವರಿಗೆ ಎಟುಕುವುದಿಲ್ಲ. ಪರೀಕ್ಷೆಯನ್ನು ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಬೇಕೆಂದು ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ಬರಿ ಹೊಟ್ಟೆಯಲ್ಲಿ ಬರಬೇಕೆಂಬ ನಿಯಮವೂ ಇಲ್ಲದ್ದರಿಂದ ಹಳ್ಳಿಯವರಿಗೆ ಅನುಕೂಲ. ಆಶಾ ಕಾರ್ಯಕರ್ತೆಯನ್ನು ಕೇಳಿ, ಬಿಡಬೇಡಿ.

ಲೆಕ್ಕದ ಮೇಷ್ಟ್ರು

ಟೀಚರ್, ಈ ಎಳೆಯಲ್ಲಿ ಇದುವರೆಗೆ ಬಂದ ಮಾತುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ನಿಮ್ಮದು. ಮುದ್ರಿಸಿ ಅಂಟಿಸಬೇಕು.

ವಿಜಯಪುರದ ಅವ್ವ

ಸೀಮಂತದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ನಮ್ಮಲ್ಲಿ ಅದಕ್ಕೆ ಕುಬಸ ಎನ್ನುತ್ತೇವೆ. ಹೋಳಿಗೆ, ಉಂಡಿ, ಕರ್ಜಿಕಾಯಿ ಎಲ್ಲರೂ ತಂದು ಬಾಯಿಗೆ ಇಡುತ್ತಾರೆ. ಬಸುರಿಯ ಬಯಕೆಯನ್ನು ತಡೆದರೆ ಪಾಪವೆನ್ನುತ್ತಾರೆ. ಒಂದು ದಿನಕ್ಕೆ ಏನೂ ಆಗುವುದಿಲ್ಲ, ತಿನ್ನು ತಂಗಿ.

ಎರಡನೇ ಬಸುರಿ

ಅವ್ವಾ, ತಪ್ಪು ತಿಳಿಯಬೇಡಿ. ಅದು ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಸೀಮಂತ ಮುಗಿದರೆ ಅಕ್ಕಪಕ್ಕದವರ ಬಯಕೆ ಊಟ, ತವರಿನ ಕಡೆಯವರ ಮಡಿಲು ತುಂಬುವುದು, ಡಬ್ಬಿಯಲ್ಲಿ ಉಳಿದ ಚಿಗಳಿ, ಕೊಬ್ಬರಿಮಿಠಾಯಿ. ನನ್ನ ತಾಯಿ ಒಂದು ಒಳ್ಳೆಯ ಕೆಲಸ ಮಾಡಿದರು. ಮುಂಚಿತವಾಗಿಯೇ ಎಲ್ಲರಿಗೂ ಹೇಳಿ, ತಟ್ಟೆಯಲ್ಲಿ ಕೋಸಂಬರಿ, ಹುರಿದ ಶೇಂಗಾ, ಸೀಬೆಹಣ್ಣು, ಮೊಳಕೆಕಾಳುಗಳನ್ನು ಜೋಡಿಸಿದರು. ಹಿರಿಯರು ಬಾಯಿಗಿಟ್ಟದ್ದು ಒಂದು ಚೂರು ಹೋಳಿಗೆ ಮಾತ್ರ, ಅದೂ ಊಟದ ಕೊನೆಗೆ. ಶಾಸ್ತ್ರಕ್ಕೆ ಚೂರು ಸಾಕಾಗುತ್ತದೆ.

ಪಥ್ಯದ ಕೋಣೆ

ಇಬ್ಬರ ಮಾತೂ ಸರಿಯೆನ್ನುತ್ತೇನೆ. ಸಿಹಿ ತಿನ್ನಲೇಬೇಕಾದ ದಿನ ಆ ಹೊತ್ತಿನ ಅನ್ನವನ್ನು ಕಡಿಮೆ ಮಾಡಿ, ಕಾಳು, ತರಕಾರಿಗಳ ಮೇಲೆ ಸಣ್ಣ ತುಂಡು ತಿಂದು, ಕೂಡಲೇ ಸ್ವಲ್ಪ ನಡೆಯಿರಿ. ಮಧ್ಯಾಹ್ನ ಮೂರು ಗಂಟೆಗೆ ಬರಿ ಹೊಟ್ಟೆಯಲ್ಲಿ ಒಂದು ಇಡೀ ಹೋಳಿಗೆ ತಿನ್ನುವುದು ಬೇರೆ ಕಥೆ. ಹಣ್ಣಿಗೂ ಇದೇ ನಿಯಮ: ಒಂದು ಸೀಬೆ ಅಥವಾ ಒಂದು ಸಣ್ಣ ಕಿತ್ತಳೆ ಸರಿ, ಅದರ ರಸ ಬೇಡ.

ಹೆದರಿದ ಹುಡುಗಿ

ಎಲ್ಲರೂ ಪಥ್ಯದಿಂದ ಇಳಿಯಿತೆಂದು ಬರೆಯುತ್ತಿದ್ದೀರಿ. ನಾನು ಎಲ್ಲವನ್ನೂ ಅಳೆದು ತಿಂದರೂ ಬರಿ ಹೊಟ್ಟೆಯ ಸಕ್ಕರೆ 104ಕ್ಕಿಂತ ಇಳಿಯಲಿಲ್ಲ. ನಾಳೆಯಿಂದ ಇನ್ಸುಲಿನ್ ಎಂದಿದ್ದಾರೆ. ಬಾಯಿ ಕಟ್ಟಲಿಲ್ಲವೆಂದು ಮನೆಯವರು ಬೈಯುತ್ತಿದ್ದಾರೆ. ಒಮ್ಮೆ ಚುಚ್ಚಿದರೆ ಜೀವನಪೂರ್ತಿ ಚುಚ್ಚಬೇಕು, ಮಗುವಿಗೂ ಅದು ಹೋಗುತ್ತದೆ ಎನ್ನುತ್ತಿದ್ದಾರೆ.

ಪಥ್ಯದ ಕೋಣೆ

ತಂಗೀ, ಬರಿ ಹೊಟ್ಟೆಯ ಸಕ್ಕರೆಯನ್ನು ನಿರ್ಧರಿಸುವುದು ರಾತ್ರಿಯಿಡೀ ನಿನ್ನ ಪಿತ್ತಜನಕಾಂಗವು ರಕ್ತಕ್ಕೆ ಬಿಡುವ ಗ್ಲೂಕೋಸ್. ಊಟದಲ್ಲಿ ಎಷ್ಟು ಕಟ್ಟುನಿಟ್ಟು ಮಾಡಿದರೂ ಅದರ ಮೇಲೆ ಹಿಡಿತ ಸಿಗದಿರುವವರು ಬಹಳ ಮಂದಿ ಇದ್ದಾರೆ. ಇದರಲ್ಲಿ ನಿನ್ನ ತಪ್ಪಿಲ್ಲವೆಂದು ಈ ಉತ್ತರವನ್ನೇ ಮನೆಯವರಿಗೆ ಓದಿ ಹೇಳು. ತಾಯಿಯ ರಕ್ತದ ಗ್ಲೂಕೋಸ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ಚುಚ್ಚಿಕೊಂಡ ಇನ್ಸುಲಿನ್ ಗಣನೀಯವಾಗಿ ದಾಟುವುದಿಲ್ಲ. ಹೆಚ್ಚಿದ ಗ್ಲೂಕೋಸನ್ನು ಎದುರಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಂಡು ಅತಿಯಾಗಿ ದಪ್ಪಗಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಇನ್ಸುಲಿನ್ನಿನಿಂದಲೇ ಅದರ ಸಕ್ಕರೆ ಕುಸಿಯುತ್ತದೆ. ನೀನು ತಡೆಯುತ್ತಿರುವುದು ಇದನ್ನು. ಹೆರಿಗೆಯಾದ ಮೇಲೆ ಬಹುಪಾಲು ತಾಯಂದಿರಿಗೆ ಚುಚ್ಚುಮದ್ದು ನಿಲ್ಲುತ್ತದೆ. ಇನ್ಸುಲಿನ್ ಆರಂಭವಾದ ಮೇಲೆ ಮಾತ್ರ ಊಟದ ಹೊತ್ತು ತಪ್ಪಿಸಬೇಡ. ಕೈ ನಡುಗಿ ಬೆವರಿದರೆ ತಿನ್ನಲು ಚೀಲದಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ.

ಮಂಡ್ಯದ ಗಂಡು

ಹೆದರಬೇಡಮ್ಮ. ಬೈಯುವವರ ಬೆರಳನ್ನು ನಾಲ್ಕು ಸಲ ಚುಚ್ಚಿ ನೋಡಲಿ, ಆಮೇಲೆ ಮಾತನಾಡುತ್ತಾರೆ.

ತುಮಕೂರಿನ ಸೊಸೆ

ಎಲ್ಲರಿಗೂ ಧನ್ಯವಾದಗಳು. ಮಾಲ್ಟ್ ನಿಂತಿದೆ. ಬೆಳಿಗ್ಗೆ ಹೆಸರುಕಾಳಿನ ದೋಸೆಗೆ 112, 116 ಬರುತ್ತಿದೆ. ಮುದ್ದೆಗೆ ಹಿಟ್ಟು ತೂಗಿದ್ದನ್ನು ನೋಡಿ ಮಾವನವರು ನಕ್ಕರು, ಆದರೆ ಅತ್ತೆಯವರು ತಾವೇ ತಕ್ಕಡಿಯನ್ನು ಅಡುಗೆಮನೆಗೆ ತಂದಿಟ್ಟುಕೊಂಡಿದ್ದಾರೆ. ರಾತ್ರಿ ಒಮ್ಮೊಮ್ಮೆ 124 ಇರುತ್ತದೆ, ವೈದ್ಯರು ಇನ್ನೊಂದು ವಾರ ನೋಡೋಣವೆಂದಿದ್ದಾರೆ. ಇನ್ನೊಂದು ಸಂಶಯ. ಬಾಣಂತನಕ್ಕೆಂದು ಅಮ್ಮ ಈಗಲೇ ಅಂಟಿನುಂಡೆಗೆ ಕೊಬ್ಬರಿ, ಬೆಲ್ಲ ಕೂಡಿಹಾಕುತ್ತಿದ್ದಾರೆ. ಆಗ ತಿನ್ನಬಹುದೇ?

ಪಥ್ಯದ ಕೋಣೆ

ಹೆರಿಗೆಯಾದ ಮೇಲೆ ಸಕ್ಕರೆ ಸಾಮಾನ್ಯವಾಗಿ ಇಳಿಯುತ್ತದೆ, ಹಾಲೂಡಿಸುವುದರಿಂದಲೂ ಸಹಾಯವಾಗುತ್ತದೆ, ಹಾಗಾಗಿ ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೊಂದು ಸಣ್ಣ ಉಂಡೆಗೆ ಅಡ್ಡಿಯಿರಲಾರದು. ಬೆಲ್ಲವನ್ನು ಅರ್ಧ ಮಾಡಿ, ಬಾದಾಮಿ, ಎಳ್ಳುಗಳನ್ನು ಹೆಚ್ಚಿಸಲು ಅಮ್ಮನವರಿಗೆ ಹೇಳಿ. ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಮಾಡಿಸಲೇಬೇಕು. ಮಗುವಿನ ಲಸಿಕೆಗೂ ಅದೇ ಹೊತ್ತಿಗೆ ಹೋಗುವಿರಾದ್ದರಿಂದ ಎರಡನ್ನೂ ಒಂದೇ ದಿನಕ್ಕೆ ಗೊತ್ತುಮಾಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮದು ಮರೆತುಹೋಗುತ್ತದೆ.

ಅಂಗನವಾಡಿ ಟೀಚರ್

ಆ ದಿನಾಂಕವನ್ನು ತಾಯಿ ಕಾರ್ಡಿನ ಮೇಲೆಯೇ ಪೆನ್ನಿನಲ್ಲಿ ಬರೆಸಿಕೊಳ್ಳಿ. ಮಗುವಿನ ಲಸಿಕೆಗೆ ನಾವು ಮನೆಬಾಗಿಲಿಗೆ ಬಂದು ಕರೆಯುತ್ತೇವೆ. ತಾಯಿಯ ಸಕ್ಕರೆ ಪರೀಕ್ಷೆಗೆ ಹಾಗೆ ಕರೆಯುವವರು ಯಾರೂ ಇಲ್ಲ.